ಕೊಲ್ಹಾರದ ಮೊಸರಿನ ಅಕ್ಕನಿಗೆ

ಸೀಳುತುಟಿ ಮಕ್ಕಳ ಆಪರೇಷನ್ನಿಗೆ ದುಡ್ಡು ಕೂಡಿಸಲು ವಿಜಯಪುರದಿಂದ ಬಾಗಲಕೋಟೆಗೆ ಸೈಕಲ್ ಮೇಲೆ ಹೋಗಿ ಬರುತ್ತಿದ್ದೆ. ವಾಪಸ್ ಬರುವಾಗ ಕೃಷ್ಣಾ ಸೇತುವೆ ದಾಟಿದ್ದೇ ಮೀನಖಂಡ ಹಿಡಿದುಕೊಂಡಿತು. ಬಾಟಲಿ ಖಾಲಿ. ಕೊಲ್ಹಾರದಲ್ಲಿ ಗಡಿಗೆ ಮೊಸರು ಮಾರುತ್ತಿದ್ದ ನೀವು "ಕುಂದರೋ ತಮ್ಮಾ, ಸತ್ತ್ ಗಿತ್ತೀ" ಎಂದು ಗದರಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಿರಿ.

ಸವಾರಿಯ ಕಾರಣ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, "ನಮ್ಮವ್ವ ಗ್ರಹಣ ನೋಡಿದ್ಲಂತ ಊರೆಲ್ಲಾ ಆಡ್ತಿತ್ತು" ಎಂದು ಸೆರಗು ಸರಿಸಿದಿರಿ. ಮೇಲ್ತುಟಿಯಲ್ಲಿ ಹಳೆಯ ಹೊಲಿಗೆಯ ಗೆರೆ. (ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ.) ಈಗ ಸಾಮಾನ್ಯವಾಗಿ 3ರಿಂದ 6 ತಿಂಗಳ ಕೂಸಿಗೇ ತುಟಿ ಹೊಲಿಯುತ್ತಾರೆ, ನಿಮಗೆ ಹೊಲಿದದ್ದು ಮದುವೆ ಗೊತ್ತಾದ ಮೇಲಂತೆ.

ಮಜ್ಜಿಗೆಯ ದುಡ್ಡು ಮುಟ್ಟಲಿಲ್ಲ, ಮೇಲೆ 200 ರೂಪಾಯಿ ನನ್ನ ಜೇಬಿಗೆ ತುರುಕಿದಿರಿ. ಹೆಸರು ಕೇಳಿದರೆ "ಅಕ್ಕ ಅಂತ ಬರಕೋ" ಅಂದಿರಿ. ಹಾಗೇ ಬರೆದು ಜಮಾ ಮಾಡಿದ್ದೇನೆ, ಅಕ್ಕಾ. ನಿಮ್ಮ ಚರಿಗೆ ಮಾತ್ರ ನನ್ನ ಚೀಲದಲ್ಲೇ ಬಂದುಬಿಟ್ಟಿದೆ.