ಸ್ಕೀ ತಾಣಗಳ ಋತು ಮೊಟಕು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ನವೆಂಬರ್ ಕೊನೆಯಲ್ಲಿ ಇಲ್ಲವೇ ಏಪ್ರಿಲ್‌ನಲ್ಲಿ ಸ್ಕೀಯಿಂಗ್‌ಗೆ ಹೊರಡುವ ಯೋಚನೆಯಲ್ಲಿರುವವರು ಟಿಕೆಟ್ ಕಾಯ್ದಿರಿಸುವ ಮುನ್ನ ಇದನ್ನು ಓದಬೇಕಾಗಿ ವಿನಂತಿ. ಉತ್ತರಾರ್ಧಗೋಳದ ಅನೇಕ ತಾಣಗಳು ಋತುವಿನ ಆರಂಭವನ್ನು ಮುಂದೂಡಿ, ಮುಕ್ತಾಯವನ್ನು ಹಿಂದಕ್ಕೆಳೆದುಕೊಳ್ಳುತ್ತಿವೆ.

ಹಿಮ ಕಡಿಮೆಯಾಗುತ್ತಿರುವುದು ಒಂದು ಕಾರಣ. ಯಂತ್ರಗಳಿಂದ ಹಿಮ ತಯಾರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಆದರೆ ಅದಕ್ಕೂ ಗಾಳಿಯ ತೇವಾಂಶವನ್ನು ಲೆಕ್ಕಕ್ಕೆ ಹಿಡಿದ ತಾಪಮಾನವು ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬೇಕಾಗಿದ್ದು, ಋತುವಿನ ಆರಂಭದಲ್ಲಿ ಅಂತಹ ರಾತ್ರಿಗಳು ಸಾಲಾಗಿ ಸಿಗದಿದ್ದರೆ ಇಳಿಜಾರುಗಳು ಸಿದ್ಧವಾಗುವುದಿಲ್ಲ. ಎತ್ತರದ ಹಿಮನದಿಗಳೂ ಇದಕ್ಕೆ ಹೊರತಲ್ಲ: ಬೇಸಿಗೆಯಲ್ಲೂ ಸ್ಕೀಯಿಂಗ್ ನಡೆಯುವ ಸ್ವಿಟ್ಜರ್ಲೆಂಡಿನ ಝೆರ್ಮಾಟ್, 2022ರ ಜುಲೈ ಕೊನೆಯಲ್ಲಿ ಬಿಸಿಲ ಝಳಕ್ಕೆ ಅದನ್ನು ನಿಲ್ಲಿಸಬೇಕಾಯಿತು. ಒಂದು ಕಾಲದ ಸ್ಕೀ ತಾಣವಾದ ಬೊಲಿವಿಯಾದ ಚಾಕಲ್ಟಾಯಾದಲ್ಲಂತೂ 2009ರ ಹೊತ್ತಿಗೆ ಹಿಮನದಿಯೇ ಕರಗಿಹೋಯಿತು.

ಆದರೆ ವಸಂತದಲ್ಲಿ ಬೇಗ ಮುಚ್ಚುವುದಕ್ಕೆ ಹಿಮದ ಕೊರತೆಯೇ ಯಾವಾಗಲೂ ಕಾರಣವಲ್ಲ. ಏಪ್ರಿಲ್‌ನಲ್ಲಿ ಶಿಖರದ ಕಡೆ ಹಿಮ ದಪ್ಪವಾಗಿಯೇ ಇದ್ದರೂ ಜನ ಬೇರೆ ಹವ್ಯಾಸಗಳತ್ತ ಹೊರಳಿರುತ್ತಾರೆ, ಜನರನ್ನು ಇಳಿಜಾರಿನ ಮೇಲಕ್ಕೊಯ್ಯುವ ಲಿಫ್ಟ್ ನಡೆಸುವ ಖರ್ಚು ಮಾತ್ರ ಇಳಿಯುವುದಿಲ್ಲ. ಋತುವಿನ ಪಾಸ್‌ಗಳ ಹಣ ಮೊದಲೇ ಕೈಸೇರಿರುವುದರಿಂದ ಕೊನೆಯ ವಾರಗಳನ್ನು ಕೈಬಿಟ್ಟರೆ ಆಡಳಿತಕ್ಕೆ ಹೆಚ್ಚೇನೂ ನಷ್ಟವಿಲ್ಲ. ಪಾಸ್ ಕೊಂಡವರಿಗೆ ಇದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಆದ್ದರಿಂದ ಎತ್ತರದ ತಾಣಗಳನ್ನೇ ಆರಿಸಿ, ಪ್ರಕಟಿತ ದಿನಾಂಕಗಳನ್ನು ಹೊರಡುವ ವಾರದಲ್ಲಿ ಮತ್ತೊಮ್ಮೆ ಪರಿಶೀಲಿಸಿ, ಹಣ ಮರಳಿಸುವ ಷರತ್ತುಗಳನ್ನು ಪೂರ್ತಿಯಾಗಿ ಓದಿಕೊಳ್ಳಬೇಕೆಂದು ಕೋರುತ್ತೇನೆ.