ಗಾಳಿ ಬಾರದ ಎಸಿಗೆ ಗ್ಯಾಸ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ವಿಜಯಪುರದ ಗ್ಯಾರೇಜುಗಳಲ್ಲಿ ಹಳೆಯ ಕಾರುಗಳ ಎಸಿಯದೇ ಮಾತು. ‘ಎಸಿ ಬರೋಬರಿ ಬರವಲ್ದು’ ಎಂದು ಮಾಲೀಕರು ಹೇಳುವುದೇ ತಡ, ‘ಗ್ಯಾಸ್ ಕಡಿಮಿ ಆಗ್ಯಾದ್ರಿ, ತುಂಬಿಸಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಾಳಿ ತಣ್ಣಗಾಗದಿರುವುದು ಬೇರೆ, ಗಾಳಿಯೇ ಬಾರದಿರುವುದು ಬೇರೆ ಎಂಬ ಸರಳ ಸಂಗತಿಯನ್ನು ಮಾಲೀಕರೂ ಕೇಳುವುದಿಲ್ಲ, ರಿಪೇರಿ ಮಾಡುವವರೂ ಹೇಳುವುದಿಲ್ಲ. ಈ ಕಾರಣಕ್ಕೆ ನಾನೇ ಎರಡು ಸಲ ಹಣ ಕಳೆದುಕೊಂಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು 2009ರಲ್ಲಿ ಕೊಂಡ ಕಾರು. ಕಳೆದ ವರ್ಷ ಏಪ್ರಿಲ್‌ನಲ್ಲಿ ತಾಯಿಯವರನ್ನು ಕಣ್ಣಿನ ತಪಾಸಣೆಗೆ ಸೊಲ್ಲಾಪುರಕ್ಕೆ ಕರೆದೊಯ್ಯುವ ಮುನ್ನ ಒಂದು ಗ್ಯಾರೇಜಿನಲ್ಲಿ 1,800 ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸಿದೆ. ಹೊರ್ತಿ ದಾಟುವಷ್ಟರಲ್ಲಿ ಅದರಿಂದ ಏನೂ ಆಗಿಲ್ಲವೆಂದು ತಿಳಿಯಿತು. ಫ್ಯಾನನ್ನು ನಾಲ್ಕನೇ ನಂಬರಿಗೆ ಇಟ್ಟರೂ ಬರೀ ಸದ್ದು. ಕಿಂಡಿಯ ಹತ್ತಿರ ಕೈ ಹಿಡಿದರೆ ಬೆರಳಿಗೆ ತಂಪು ತಟ್ಟುತ್ತಿತ್ತು, ಒಂದು ಗೇಣು ಹಿಂದಕ್ಕೆ ಸರಿಸಿದರೆ ಏನೂ ಇಲ್ಲ. ಹಿಂದಿನ ಸೀಟಿನಲ್ಲಿದ್ದ ತಾಯಿಯವರು ಊರು ಮುಟ್ಟುವತನಕ ಸೆರಗಿನಿಂದಲೇ ಗಾಳಿ ಬೀಸಿಕೊಂಡರು. ಮರುತಿಂಗಳು ಅದೇ ಗ್ಯಾರೇಜಿನಲ್ಲಿ ಮತ್ತೊಮ್ಮೆ ಗ್ಯಾಸ್ ತುಂಬಿದರು, ಮತ್ತೊಮ್ಮೆ ಹಣ ಕೊಟ್ಟೆ, ಗಾಳಿ ಮಾತ್ರ ಇದ್ದಷ್ಟೇ ಇತ್ತು.

ಕೊನೆಗೆ ಪರಿಚಿತರೊಬ್ಬರು ತೋರಿಸಿದ ಹಿರಿಯ ಮಿಸ್ತ್ರಿಯ ಬಳಿ ಹೋದೆ. ಅವರು ಎಸಿ ಬಟನ್ ಬಂದ್ ಮಾಡಿ ಬರೀ ಫ್ಯಾನ್ ತಿರುಗಿಸಲು ಹೇಳಿದರು. ಆಗಲೂ ಗಾಳಿ ಅಷ್ಟೇ ಸಣ್ಣಗೆ ಬಂತು. ‘ಎಸಿ ಬಂದ್ ಇದ್ದಾಗನೂ ಗಾಳಿ ಬರವಲ್ದಂದ್ರ ಇದರಾಗ ಗ್ಯಾಸಿನ ತಪ್ಪೇನದರಿ?’ ಎಂದು ಕೇಳಿದರು. ಗ್ಯಾಸಿನ ಕೆಲಸ ಗಾಳಿಯನ್ನು ತಣ್ಣಗೆ ಮಾಡುವುದು; ಅದನ್ನು ದೂಡಿ ನಮ್ಮ ಮುಖಕ್ಕೆ ತಲುಪಿಸುವುದು ಬ್ಲೋವರಿನ ಕೆಲಸ. ಬಳಿಕ ಅವರು ಎಡಗಡೆಯ ಗ್ಲೋವ್ ಬಾಕ್ಸನ್ನು ಬಿಚ್ಚಿ ಅದರ ಹಿಂದಿನಿಂದ, ಒಳಬರುವ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರನ್ನು ಹೊರಗೆಳೆದರು. ಬಿಳಿ ಇರಬೇಕಾದ ಕಾಗದದ ಮಡಿಕೆಗಳು ಕಾಣದಂತೆ ಎರೆಮಣ್ಣಿನ ಕರಿ ಧೂಳು ಹೆಪ್ಪುಗಟ್ಟಿತ್ತು. ಅದರ ಮೇಲೆ ಒಣಗಿದ ಬೇವಿನೆಲೆ, ಜೋಳದ ಹೊಟ್ಟು, ಒಂದು ಸತ್ತ ಜೇನುಹುಳು ಇದ್ದವು. ಬಿಸಿಲಿಗೆ ಎತ್ತಿ ಹಿಡಿದರೆ ಒಂದು ಎಳೆ ಬೆಳಕೂ ಆಚೆಗೆ ಹಾಯಲಿಲ್ಲ. ಹೊಸ ಫಿಲ್ಟರಿಗೆ 350 ರೂಪಾಯಿ, ಹಾಕಲು ಹತ್ತು ನಿಮಿಷ.

ನಮ್ಮ ಜಿಲ್ಲೆಯಲ್ಲಿ ಇದು ಅಪರೂಪವಾಗಿರಲು ಸಾಧ್ಯವಿಲ್ಲ. ಹೊರಗಿನ ಗಾಳಿ ಕಾರಿನೊಳಗೆ ಬರುವುದು ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿರುವ ಜಾಲರಿಯಿಂದ. ಬೇವಿನ ನೆರಳಿನಲ್ಲಿ ನಿಲ್ಲಿಸಿದ ಗಾಡಿಯ ಎಲೆಗಳೂ, ತೊಗರಿ ಮತ್ತು ಹಿಂಗಾರಿ ಜೋಳದ ರಾಶಿಯ ಕಾಲಕ್ಕೆ ಏಳುವ ಹೊಟ್ಟೂ ಸೇರುವುದು ಅಲ್ಲಿಗೇ. ಸಾಮಾನ್ಯವಾಗಿ ಹತ್ತು–ಹದಿನೈದು ಸಾವಿರ ಕಿಲೋಮೀಟರಿಗೆ ಒಮ್ಮೆ ಈ ಫಿಲ್ಟರ್ ಬದಲಿಸಬೇಕೆನ್ನುತ್ತಾರೆ. ಹೊಲದ ದಾರಿಯಲ್ಲಿ ದಿನವೂ ಓಡಾಡುವ ಗಾಡಿಗೆ ಅಷ್ಟು ಕಾಯುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ಕೆಲವು ಹಳೆಯ ಕಾರುಗಳಲ್ಲಿ ಫಿಲ್ಟರೇ ಇರುವುದಿಲ್ಲ. ಅಂಥವುಗಳಲ್ಲಿ ಧೂಳೆಲ್ಲ ನೇರವಾಗಿ ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಕೂತು, ಅಲ್ಲಿನ ನೀರಿನ ಪಸೆಗೆ ಕೆಸರಾಗಿ ಮೆತ್ತಿಕೊಳ್ಳುತ್ತದೆ, ಅದನ್ನು ತೊಳೆಸದೆ ಬೇರೆ ದಾರಿಯಿಲ್ಲ.

ಎಲ್ಲ ದೋಷವೂ ಫಿಲ್ಟರಿನದೇ ಎಂದು ನಾನು ಹೇಳುತ್ತಿಲ್ಲ. ಒಂದರಿಂದ ಮೂರನೇ ನಂಬರಿನವರೆಗೆ ಫ್ಯಾನ್ ತಿರುಗದೆ ನಾಲ್ಕರಲ್ಲಿ ಮಾತ್ರ ತಿರುಗಿದರೆ ಬಹುತೇಕ ಫ್ಯಾನಿನ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿರುತ್ತದೆ. ಗಾಳಿ ಮುಖಕ್ಕೆ ಬಾರದೆ ಕಾಲಿಗೋ ಗಾಜಿಗೋ ಹೋಗುತ್ತಿದ್ದರೆ ಒಳಗಿನ ಫ್ಲಾಪ್ ಅಥವಾ ಅದರ ಕೇಬಲ್ ಕಳಚಿರುತ್ತದೆ. ಹೊರಟಾಗ ಜೋರಾಗಿದ್ದ ಗಾಳಿ ಅರ್ಧ ಗಂಟೆಯಲ್ಲಿ ಕುಗ್ಗಿ, ಸ್ವಲ್ಪ ಹೊತ್ತು ಎಸಿ ಬಂದ್ ಮಾಡಿದ ಮೇಲೆ ಮತ್ತೆ ಸರಿಹೋದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದೆ ಎಂದರ್ಥ. ಇದೊಂದು ಸಂದರ್ಭದಲ್ಲಿ ಗ್ಯಾಸ್ ಕಡಿಮೆಯಾಗಿರುವುದೂ ಕಾರಣವಾಗಿರಬಹುದು, ಆದರೆ ಕಾಯಿಲ್ ಎಷ್ಟು ತಣ್ಣಗಾಗಿದೆ ಎಂದು ಅಳೆಯುವ ಸೆನ್ಸರ್ ಕೆಟ್ಟಿದ್ದರೂ ಫಿಲ್ಟರ್ ಕಟ್ಟಿಕೊಂಡಿದ್ದರೂ ಹಾಗೆಯೇ ಆಗುತ್ತದಾದ್ದರಿಂದ ಮೀಟರ್ ಹಚ್ಚಿ ಒತ್ತಡ ನೋಡದೆ ಗ್ಯಾಸ್ ತುಂಬುವುದು ತಪ್ಪು.

ಎಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತಿರುತ್ತದೆ. ಒಮ್ಮೆಲೇ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ ಎಂದರ್ಥ, ಆ ಜಾಗ ಹುಡುಕದೆ ತುಂಬಿದ್ದು ಮತ್ತೆ ಸೋರಿಹೋಗುತ್ತದೆ. ಇದ್ದದ್ದರ ಮೇಲೆ ಹೆಚ್ಚು ತುಂಬಿದರೆ ತಂಪು ಇನ್ನೂ ಕುಗ್ಗಿ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೇ ಪೆಟ್ಟು ಬೀಳುತ್ತದೆ. ಅಲ್ಲದೆ ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಬಳಸುವ ಆರ್‌–134ಎ ಗ್ಯಾಸು ವಾತಾವರಣಕ್ಕೆ ಸೇರಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು ಶಾಖವನ್ನು ಹಿಡಿದಿಡುತ್ತದೆ. ಬಿಸಿಲಿನಿಂದ ಬೇಯುವ ನಮ್ಮ ಊರಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಹೊಸ ಕಾರು ಕೊಳ್ಳಲಾಗದೆ ಹತ್ತು–ಹದಿನೈದು ವರ್ಷದ ಗಾಡಿಯಲ್ಲೇ ವಯಸ್ಸಾದವರನ್ನೂ ಬಾಣಂತಿಯರನ್ನೂ ಆಸ್ಪತ್ರೆಗೆ ಕರೆದೊಯ್ಯುವ ಕುಟುಂಬಗಳು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಸಾಕಷ್ಟಿವೆ. ಆದ್ದರಿಂದ ಜಿಲ್ಲೆಯ ಗ್ಯಾರೇಜಿನವರಲ್ಲಿ ನನ್ನ ಕಳಕಳಿಯ ವಿನಂತಿ: ಗ್ಯಾಸ್ ತುಂಬುವ ಮುನ್ನ ಫಿಲ್ಟರನ್ನು ಹೊರತೆಗೆದು ಮಾಲೀಕರ ಕೈಗೆ ಕೊಡಿ, ಮೀಟರಿನಲ್ಲಿ ಕಂಡ ಒತ್ತಡವನ್ನು ಬಿಲ್ಲಿನಲ್ಲಿ ಬರೆಯಿರಿ. ಮಾಲೀಕರೂ ಗ್ಯಾರೇಜಿಗೆ ಹೋಗುವ ಮುನ್ನ ಮನೆಯ ಮುಂದೆಯೇ ಎಸಿ ಬಂದ್ ಮಾಡಿ, ಬರೀ ಫ್ಯಾನ್ ಹಚ್ಚಿ, ಕಿಂಡಿಯ ಮುಂದೆ ಕೈ ಹಿಡಿದು ನೋಡಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ವಿಜಯಪುರ