ಸರ್ಕಾರಿ ಒಟಿಟಿಯಲ್ಲಿ ಸರಣಿಗಳಿಗೂ ಜಾಗವಿರಲಿ

ಮಾನ್ಯರೇ,

ಕನ್ನಡ ಚಲನಚಿತ್ರಗಳ ಪ್ರೋತ್ಸಾಹಕ್ಕಾಗಿ ಸರ್ಕಾರವೇ ಒಂದು ಒಟಿಟಿ ವೇದಿಕೆಯನ್ನು ರೂಪಿಸಲಿದೆ ಎಂದು 2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಯಿತು. ಅಲ್ಲಿ ಸಿನಿಮಾದ ಮಾತಿದೆಯೇ ಹೊರತು, ವಾಹಿನಿಗಳ ಹಂಗಿಲ್ಲದೆ ಸ್ವಂತ ಹಣ ಹಾಕಿ ಸರಣಿಗಳನ್ನು ಮಾಡುವವರ ಮಾತಿಲ್ಲ. ಸಿನಿಮಾ ಮಾಡಿದವರಿಗೆ ಒಂದು ವಾರದ ಮಟ್ಟಿಗಾದರೂ ಚಿತ್ರಮಂದಿರ ಸಿಕ್ಕೀತು, ಸಬ್ಸಿಡಿಗೆ ಅರ್ಜಿ ಹಾಕುವ ದಾರಿಯೂ ಇದೆ; ಏಳೆಂಟು ಕಂತಿನ ಸರಣಿಗೆ ಇವೆರಡೂ ಇಲ್ಲ.

ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ, ಕರಾವಳಿಯ ಏಳು ಕಥೆಗಳ ‘ಏಕಂ’ ಸರಣಿಯನ್ನು ಕೊಳ್ಳಲು ಯಾವ ಒಟಿಟಿಯೂ ಮುಂದೆ ಬರಲಿಲ್ಲ. ಕಡೆಗೆ 2024ರ ಜುಲೈನಲ್ಲಿ ಅದಕ್ಕೆಂದೇ ಜಾಲತಾಣವೊಂದನ್ನು ಕಟ್ಟಿ, 149 ರೂಪಾಯಿ ದರವಿಟ್ಟು, ನೇರವಾಗಿ ಪ್ರೇಕ್ಷಕರಿಗೆ ತಲುಪಿಸಬೇಕಾಯಿತು. ಹೆಸರು, ಹಣ, ಅಭಿಮಾನಿ ಬಳಗ ಎಲ್ಲವೂ ಇದ್ದವರ ಪಾಡೇ ಹೀಗಾದರೆ ಹೊಸಬರ ಗತಿಯೇನು?

ನಾನು ವೃತ್ತಿಯಿಂದ ಧಾರಾವಾಹಿ ಸಂಕಲನಕಾರ. ನನ್ನ ಮೇಜಿನ ಡ್ರಾಯರಿನಲ್ಲಿ ‘ಫೈನಲ್ 3’ ಎಂದು ಮಾರ್ಕರಿನಲ್ಲಿ ಬರೆದ ಹಾರ್ಡ್ ಡಿಸ್ಕ್ ಒಂದಿದೆ. ಮಲೆನಾಡಿನ ಅಡಿಕೆ ತೋಟದ ಕೂಲಿಯವರನ್ನು ಕುರಿತು ಮೂವರು ಯುವಕರು ಸಾಲ ಮಾಡಿ ತೆಗೆದ ಆರು ಕಂತುಗಳು ಅದರಲ್ಲಿವೆ. ಅವರು ಹೋದ ವಾಹಿನಿಯೊಂದರಲ್ಲಿ, ದಿನವಹಿ ಪ್ರಸಾರಕ್ಕೆ ಕನಿಷ್ಠ ಇನ್ನೂರು ಕಂತು ಎಳೆಯಬಹುದಾದ ಕಥೆ ಇದ್ದರೆ ತನ್ನಿ ಎಂದರಂತೆ. ಇನ್ನೊಂದು ಕಡೆ ಹೆಸರಾಂತ ನಟರು ಯಾರಿದ್ದಾರೆ ಎಂದು ಕೇಳಿದರಂತೆ. ನಿರ್ದೇಶಕ ಆಗಾಗ ಬಂದು, ಡಿಸ್ಕ್ ಕೆಟ್ಟಿಲ್ಲವೇ ಎಂದು ಮೊದಲ ಕಂತಿನ ಎರಡು ನಿಮಿಷ ಓಡಿಸಿ ನೋಡಿ ಹೋಗುತ್ತಾನೆ. ಆ ಎರಡು ನಿಮಿಷವನ್ನು ನಮ್ಮಿಬ್ಬರ ಹೊರತು ನೋಡಿದವರು ಕಡಿಮೆ.

ದೂರದರ್ಶನದ ಪ್ರಾಯೋಜಿತ ಕಾರ್ಯಕ್ರಮಗಳ ಕಾಲದಲ್ಲಿ ನಿರ್ಮಾಪಕರು ಪ್ರಸಾರ ಶುಲ್ಕ ಕಟ್ಟಿ, ಅದಕ್ಕೆ ಪ್ರತಿಯಾಗಿ ದೊರೆತ ಜಾಹೀರಾತಿನ ಸೆಕೆಂಡುಗಳನ್ನು ತಾವೇ ಮಾರಿಕೊಳ್ಳಬೇಕಿತ್ತು. ಅದು ಕೈಸುಡುವ ವ್ಯವಹಾರವೇ ಆಗಿದ್ದರೂ ಸಣ್ಣವರಿಗೆ ಒಂದು ಬಾಗಿಲು ತೆರೆದಿತ್ತು. ಇಂದು ವಾಹಿನಿ ಕಂತಿಗಿಷ್ಟು ಎಂದು ಹಣ ಕೊಟ್ಟು ಮಾಡಿಸಿಕೊಳ್ಳುತ್ತದೆ, ಹಕ್ಕು ಸಾಮಾನ್ಯವಾಗಿ ಅದರ ಬಳಿಯೇ ಉಳಿಯುತ್ತದೆ, ಪ್ರತಿ ಗುರುವಾರ ಹೊರಬೀಳುವ ಟಿಆರ್‌ಪಿ, ಅಂದರೆ ವೀಕ್ಷಕರ ಪ್ರಮಾಣದ ಅಂಕಿ, ಕಥೆಯ ಮುಂದಿನ ದಿಕ್ಕನ್ನು ನಿರ್ಧರಿಸುತ್ತದೆ.

ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ಆರಂಭಿಸಿದ ‘ಸಿ-ಸ್ಪೇಸ್’ ಎಂಬ ಒಟಿಟಿಯಲ್ಲಿ ಒಂದು ಚಿತ್ರಕ್ಕೆ 75 ರೂಪಾಯಿ ದರ ನಿಗದಿಯಾಗಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ ಸಲ್ಲುವ ಏರ್ಪಾಡಾಯಿತು, ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೂ ಮೊದಲ ದಿನದಿಂದಲೇ ಅಲ್ಲಿ ಸ್ಥಳವಿತ್ತು. ನಮ್ಮ ವೇದಿಕೆಯ ನಿಯಮಾವಳಿಯಲ್ಲಿ ‘ಚಲನಚಿತ್ರ’ ಎಂಬುದರ ಜೊತೆಗೆ ‘ಸರಣಿ’ ಎಂಬ ಪದವನ್ನೂ ಸೇರಿಸಿ, ಹಕ್ಕನ್ನು ಮಾಡಿದವರ ಬಳಿಯೇ ಉಳಿಸಿ, ವೀಕ್ಷಣೆಗೆ ತಕ್ಕ ಪಾಲನ್ನು ತಿಂಗಳು ತಿಂಗಳು ಪಾವತಿಸುವಂತಾಗಬೇಕೆಂದು ಸರ್ಕಾರವನ್ನು ಒತ್ತಾಯಿಸುತ್ತೇನೆ.

– ಒಬ್ಬ ಸಂಕಲನಕಾರ, ಬೆಂಗಳೂರು